ಉಂಡೆಲೆ

"ವನಿತವ್ವ ಅವ್ಳಾ?" ಫೋನಿನಲ್ಲಿ ದೇವನೂರಿನ ಬಾಳೆತೋಟದ ರಾಚಯ್ಯನ ದನಿ.

"ನಾನು ಏಮಲತಾ. ಅದೇನು ಏಳಿ," ಎಂದಳು ಹೇಮಲತಾ, ಎಲೆಕಟ್ಟಿನ ಮೇಲಿಂದ ಕೈ ತೆಗೆಯದೆ.

"ಇರ್ಲಿ ಬುಡವ್ವ. ಗೊಬ್ಬರದ ಇಚಾರ, ಅವ್ಳಿಗೇ ಏಳ್ತೀನಿ."

ಹೇಮಲತಾ ಫೋನನ್ನು ಎಲೆಕಟ್ಟಿನ ಮೇಲೆ ಕುಕ್ಕಿದಳು. ನಂಜನಗೂಡಿನಲ್ಲಿ ಹದಿನಾಲ್ಕು ವರ್ಷ ಬಾಳೆಎಲೆ ಅಂಗಡಿ ನಡೆಸಿದವಳು ಅವಳು. ಬಸುರಿಯಾಗಿದ್ದಾಗಲೂ ರಾಚಯ್ಯನ ತೋಟದ ಬದುವಿನ ಮೇಲೆ ಓಡಾಡಿ ಎಲೆ ಎಣಿಸಿಕೊಂಡು ಬಂದವಳು. ಮೈದುನನ ಹೆಂಡತಿ ವನಿತಾ ಈ ಮನೆಗೆ ಬಂದು ಇನ್ನೂ ಎರಡು ವರ್ಷ ತುಂಬಿಲ್ಲ. ಆಗಲೇ ಹೊಸ ನೀರು ಹಳೆ ನೀರನ್ನು ಕೊಚ್ಚಿಕೊಂಡು ಹೋಗಿತ್ತು.

ವನಿತಾ ಮಾಡಿದ್ದಾದರೂ ಏನು? ಎಲೆ ಮಾರಿ ಕೈತೊಳೆದುಕೊಳ್ಳುತ್ತಿದ್ದ ಅಂಗಡಿಯನ್ನು ಉಂಡ ಎಲೆ ವಾಪಸ್ ತರುವ ಅಂಗಡಿ ಮಾಡಿದಳು. ಛತ್ರ, ಹೋಟೆಲುಗಳ ಹಿಂದೆ ನಾರುತ್ತಿದ್ದ ಎಲೆಗಳನ್ನು ಡ್ರಮ್ಮಿನಲ್ಲಿ ತರಿಸಿ, ಸಗಣಿ ಬೆರೆಸಿ ಗೊಬ್ಬರ ಮಾಡಿ, ಎಲೆ ಬೆಳೆದ ತೋಟಗಳಿಗೇ ಕೊಟ್ಟಳು. ತೋಟದವರು ಬೇರೆ ಅಂಗಡಿಗಳ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಹೇಮಲತಾಳ ಗಂಡ ಕೂಡ ಊಟಕ್ಕೆ ಕೂತರೆ ಸಾಕು, "ತಲೆ ಅಂದ್ರೆ ವನಿತಂದು," ಎನ್ನುತ್ತಿದ್ದ. ಸಾರು ಬಡಿಸುವವಳ ಮುಖ ಅವನಿಗೆ ಕಾಣುತ್ತಿರಲಿಲ್ಲ.

ಬುಧವಾರ ಹೇಮಲತಾ ಯಾರಿಗೂ ಹೇಳದೆ ದೇವನೂರಿನ ಬಸ್ಸು ಹತ್ತಿದಳು. ರಾಚಯ್ಯ ದಿನಾ ಮೊದಲು ಕುಯ್ದ ಎಲೆಗಳನ್ನು ಎಡೆಗೆಂದು ಮಠಕ್ಕೆ ಕಳಿಸಿ, ಆಮೇಲೆ ವ್ಯಾಪಾರಕ್ಕೆ ಕೈ ಹಾಕುವ ಮನುಷ್ಯ. ಅದು ಅವಳಿಗೆ ಗೊತ್ತಿದ್ದದ್ದೇ.

"ಏಳ್ಬಾರ್ದು. ಆದ್ರೂ ನಂಗೆ ಪಾಪ ಸುತ್ಕೊಂಡದು ಅಂತ ಏಳ್ತಾ ಇವ್ನಿ, ರಾಚಯ್ನೋರೇ. ಆ ಗೊಬ್ಬರ ಊರೋರ ಎಂಜಲೆಲೇದು. ಅದುನ್ನ ತಿಂದು ಬೆಳ್ದ ಎಲೆ ಮ್ಯಾಲೆ ಸ್ವಾಮಿಗೆ ಎಡೆ ಇಕ್ಕೋದಾ?"

ಅದು ಉಂಡ ಎಲೆಯ ಗೊಬ್ಬರವೆಂದು ರಾಚಯ್ಯನಿಗೂ ಗೊತ್ತಿತ್ತು. ಎಂಜಲು ಎಂಬ ಮಾತು ಮಾತ್ರ ಅವನ ತಲೆಗೆ ಅದುವರೆಗೆ ಹೊಕ್ಕಿರಲಿಲ್ಲ. ಅವನು ಹೆಗಲ ವಸ್ತ್ರ ಕೊಡವಿ ಎದ್ದುಹೋದ. ಹೇಮಲತಾಳ ಹೊಟ್ಟೆ ತಣ್ಣಗಾಯಿತು.

ಶುಕ್ರವಾರ ಅಂಗಡಿಗೆ ಒಂದೇ ಒಂದು ಎಲೆ ಬರಲಿಲ್ಲ. ರಾಚಯ್ಯ ಕುಯ್ಯುವುದಿಲ್ಲವೆಂದರೆ ಅಕ್ಕಪಕ್ಕದ ಐದು ತೋಟದವರೂ ಕುಯ್ಯುವುದಿಲ್ಲ. ಹೊಟ್ಟೆಕಿಚ್ಚಿನಲ್ಲಿ ಅವಳಿಗೆ ಅದು ಹೊಳೆದೇ ಇರಲಿಲ್ಲ. ಭಾನುವಾರ ಎರಡು ಮದುವೆಗೆ ಎಲೆ ಒಪ್ಪಿಕೊಂಡಾಗಿತ್ತು. ತಪ್ಪಿದರೆ ಮುಂದೆ ಯಾವ ಛತ್ರದವರೂ ಇವರ ಬಾಗಿಲಿಗೆ ಬರುತ್ತಿರಲಿಲ್ಲ.

"ನನ್ ಮಾತ್ ಕೇಳ್ತಿಲ್ಲ ಅಕ್ಕ ಅವ್ರು. ಯಾರೋ ತಲೆ ಕೆಡ್ಸವ್ರೆ," ಎಂದಳು ವನಿತಾ. ಅತ್ತು ಅವಳ ಕಣ್ಣು ಕೆಂಪಾಗಿತ್ತು. "ನೀವ್ ಹೇಳಿದ್ರೆ ಕೇಳ್ತಾರೆ. ನಿಮ್ಮ ಮೇಲೆ ನಂಬಿಕೆ ಅವರಿಗೆ."

ಈ ಮಾತಿಗಾಗಿ ಹೇಮಲತಾ ಎಷ್ಟು ದಿನದಿಂದ ಕಾದಿದ್ದಳೋ. ಈಗ ಅದು ಬಂದಾಗ ವನಿತಾಳ ಕಣ್ಣು ತಪ್ಪಿಸಿ ಚಪ್ಪಲಿ ಮೆಟ್ಟಿಕೊಂಡಳು.

ಇಬ್ಬರೂ ಸ್ಕೂಟರಿನಲ್ಲಿ ಹೋದರು. ರಾಚಯ್ಯ ಜಗಲಿಯ ಮೇಲೆ ಕೂತಿದ್ದ. ಹೇಮಲತಾ ನೆಲ ನೋಡುತ್ತ ಹೇಳಿದಳು: "ಮಣ್ಣಿಗೆ ಬಿದ್ಮ್ಯಾಕೆ ಎಂಜಲು ಎಲ್ಲೀದು? ಹಸ ಎಲ್ಲಾರ ಮನೆ ಮುಸುರೆ ಕುಡೀತದೆ. ಅದ್ರ ಸಗಣೀಲೇ ತಾನೆ ದೇವ್ರ ಮುಂದೆ ಸಾರ್ಸೋದು?"

ರಾಚಯ್ಯ ತಲೆದೂಗಿದ. "ಅದೂ ದಿಟವೇ," ಎಂದ. "ಆದ್ರೆ ಒಂದ್ ಮಾತು ಕಣವ್ವ. ಬುಧವಾರ ಬಂದು ಎಂಜಲು ಅಂದೋಳೂ ನೀನೇ, ಇವತ್ತು ಅಲ್ಲ ಅನ್ನೋಳೂ ನೀನೇ. ಯಾವ್ದುನ್ನ ನಂಬ್ಲಿ ನಾನು?"

ವನಿತಾ ಒಮ್ಮೆ ಹೇಮಲತಾಳ ಕಡೆ ನೋಡಿ, ರಾಚಯ್ಯನ ಕಡೆ ತಿರುಗಿದಳು.

"ಇವತ್ತಿಂದು ನಂಬಿ," ಎಂದಳು.

ರಾಚಯ್ಯ ಎಲೆ ಕುಯ್ಯಿಸಲು ಒಪ್ಪಿದ. ವಾಪಸ್ ಬರುವಾಗ ವನಿತಾ ನಾಲ್ಕು ಮಾತು ಬೈದಿದ್ದರೆ ಎಷ್ಟೋ ಮೇಲಾಗಿತ್ತು. ಹೇಮಲತಾ ಅವಳ ಭುಜ ಹಿಡಿಯಲಾರದೆ ಸೀಟಿನ ಹಿಂದಿನ ಕಂಬಿ ಹಿಡಿದು ಕೂತಳು. ನಂಜನಗೂಡು ಬರುವವರೆಗೂ ರಸ್ತೆಯ ಹಂಪು ಬಂದಾಗಲೆಲ್ಲ ವನಿತಾ ಗಾಡಿಯನ್ನು ನಿಧಾನ ಮಾಡಿದಳು, ಹಿಂದೆ ಕೂತವಳು ಕುಲುಕದ ಹಾಗೆ.