ದೊರೆ ನುಂಗದ ಮಾತ್ರೆಗಳು

ಕಂಡವರ ಸೋಫಾಗಳ ಹೊಟ್ಟೆ ಬಗೆದು ಹೊಲಿಯುವುದೇ ಅವನ ಕಸುಬು. ಇಪ್ಪತ್ತು ವರ್ಷಗಳಲ್ಲಿ ಆ ಸಂದಿಗಳಿಂದ ಅವನು ಏನೇನು ತೆಗೆದಿಲ್ಲ! ಬಾಚಣಿಗೆ, ಕಿವಿಯೋಲೆ, ಒಂದು ಸಲ ಯಾರದ್ದೋ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು. ಸೋಫಾ ಅಂಗಡಿಗೆ ಬಂದಿತೆಂದರೆ ಮೊದಲು ಸಂದಿಗೆ ಕೈಯಿಳಿಸಿ ತಡಕುವುದು, ಆಮೇಲೆ ಬಾಕಿ ಮಾತು. ಅಂಥವನು ಸ್ವಂತ ಮನೆಯ ಹಳೇ ಸೋಫಾದ ಸಂದಿಗೆ ಕೈ ಹಾಕಿದ್ದು ದೊರೆಯ ಕೊನೆಯ ದಿನ ಬೆಳಿಗ್ಗೆ, ಡಾಕ್ಟರು ಬರಲು ಇನ್ನೊಂದೇ ಗಂಟೆ ಇದ್ದಾಗ.

ದೊರೆ ಅಂದರೆ ಮನೆಯ ನಾಯಿ. ಹನ್ನೆರಡು ವರ್ಷದ ಹಿಂದೆ ಅಂಗಡಿಯ ಸ್ಪಂಜಿನ ರಾಶಿ ಮೇಲೆ ಬಂದು ಮಲಗಿ, ಎಬ್ಬಿಸಿದರೆ ಒಂದೇ ಕಣ್ಣು ತೆರೆದು ನೋಡಿದ ಮರಿಗೆ ಬೇರೆ ಯಾವ ಹೆಸರು ಒಪ್ಪುತ್ತಿತ್ತು? ಅಂದಿನಿಂದ ಸೋಫಾದ ಎಡಮೂಲೆ ಅದರದ್ದು. ಮನೆಗೆ ಬಂದ ನೆಂಟರು ಬೇಕಿದ್ದರೆ ಕುರ್ಚಿ ಹುಡುಕಿಕೊಳ್ಳಬೇಕು.

ಈಚೆಗೆ ಬೆನ್ನುಮೂಳೆ ಸವೆದು ದೊರೆಯ ಹಿಂಗಾಲು ಸೋತಿದ್ದವು. ಡಾಕ್ಟರಮ್ಮ ನೋವಿಗೆಂದು ದಿನಕ್ಕೆರಡು ಮಾತ್ರೆ ಬರೆದುಕೊಟ್ಟಿದ್ದರು. ನಾಯಿಯನ್ನು ಎತ್ತಿ ಸೋಫಾದ ಮೇಲೆ ಮಲಗಿಸಿ, ಬೆಣ್ಣೆ ಸವರಿದ ಬ್ರೆಡ್ಡಿನಲ್ಲಿ ಮಾತ್ರೆ ಮುಚ್ಚಿ ತಿನ್ನಿಸುವ ಕೆಲಸವನ್ನು ಇವನೇ ಮೈಮೇಲೆ ಎಳೆದುಕೊಂಡ. ಹೆಂಡತಿ ಮುಂದೆ ಬಂದರೆ, "ನಿಂಗೆ ಅದರ ಹದ ಗೊತ್ತಾಗಲ್ಲ, ಬಿಡು" ಎನ್ನುತ್ತಿದ್ದ. ದೊರೆ ಗಬಕ್ಕನೆ ಬಾಯಿ ಹಾಕುತ್ತಿತ್ತು, ಗಂಟಲು ಅಲ್ಲಾಡುತ್ತಿತ್ತು, ಇವನು ಕೈ ಒರೆಸಿಕೊಂಡು ಅಂಗಡಿಗೆ ಹೊರಡುತ್ತಿದ್ದ. ಅದು ಕುಂಯ್‌ಗುಟ್ಟಿದರೆ, "ಮಾತ್ರೆ ಹೊಟ್ಟೇಲಿದೆ, ಇನ್ನೆಂಥ ನಾಟಕ ನಿಂದು?" ಎಂದು ಗದರಿದ್ದೂ ಉಂಟು. ಡಾಕ್ಟರಮ್ಮ ಕೇಳಿದಾಗಲೆಲ್ಲ, "ಒಂದು ಹೊತ್ತೂ ತಪ್ಸಿಲ್ಲ ಮೇಡಂ" ಎಂದು ಎದೆಯುಬ್ಬಿಸಿ ಹೇಳಿದ್ದ. ಆ ಮಾತು ನಂಬಿಯೇ ಅವರು ಮಾತ್ರೆ ಜೋರು ಮಾಡಿದರು. ಆ ಮಾತು ನಂಬಿಯೇ ಹೋದ ವಾರ, "ಇದು ಔಷಧಿಗೆ ಜಗ್ಗೋ ನೋವಲ್ಲ. ಇನ್ನು ಇವನನ್ನ ನರಳಿಸಬಾರ್ದು" ಎಂದರು. ಮನೆಗೇ ಬಂದು, ಅದರ ಜಾಗದಲ್ಲೇ ಇಂಜೆಕ್ಷನ್ ಕೊಟ್ಟು ಕಳಿಸಿಕೊಡಲು ಒಪ್ಪಿದರು.

ಸೋಫಾದ ಮೇಲೆ ಒಗೆದ ಬೆಡ್‌ಶೀಟು ಹಾಸಿ, ಅದರ ಅಂಚನ್ನು ಎಡಮೂಲೆಯ ಸಂದಿಗೆ ತುರುಕುವಾಗ ಬೆರಳಿಗೆ ಏನೋ ಗಟ್ಟಿಯಾದದ್ದು ತಾಗಿತು. ತೆಗೆದರೆ ಮಾತ್ರೆ. ಮತ್ತೆ ಕೈ ಹಾಕಿದ, ಮತ್ತೊಂದು. ಕೂದಲು, ಒಣಗಿದ ಬ್ರೆಡ್ಡಿನ ಚೂರು ಅಂಟಿಕೊಂಡ ಮಾತ್ರೆಗಳು ಬರುತ್ತಲೇ ಹೋದವು. ಮೂವತ್ತಾದ ಮೇಲೆ ಅವನು ಎಣಿಸಲಿಲ್ಲ. ಬ್ರೆಡ್ಡು ನುಂಗಿ, ಮಾತ್ರೆಯನ್ನು ದವಡೆಯಲ್ಲಿ ಉಳಿಸಿಕೊಂಡು, ಇವನು ಬೆನ್ನು ತಿರುಗಿಸಿದ್ದೇ ತಡ ದೊರೆ ಅದನ್ನು ಸಂದಿಗೆ ಉಗಿದಿತ್ತು. ಈಗ ನೆಲದ ಚಾಪೆಯ ಮೇಲಿಂದ ಅವನನ್ನೇ ನೋಡುತ್ತ ಬಾಲ ಬಡಿಯಿತು.

ಎಲ್ಲವನ್ನೂ ಜೇಬಿಗೆ ತುಂಬಿಕೊಂಡು, ದೊರೆಯನ್ನು ಎತ್ತಿ ಅದರ ಮೂಲೆಯಲ್ಲಿ ಮಲಗಿಸಿದ. ಹೆಂಡತಿ ಅತ್ತು ಅತ್ತು ಈಗಷ್ಟೇ ಮುಖ ತೊಳೆದಿದ್ದಳು. ಮಗಳು ನಾಯಿಯ ಕೊರಳು ತಬ್ಬಿ, ಹೇಳುವುದೆಲ್ಲ ಹೇಳಿ ಶಾಲೆಗೆ ಹೋಗಿದ್ದಳು. ಈಗ ಬಾಯಿಬಿಟ್ಟರೆ ಅವರಿಗೆ ಮತ್ತೆ ಹೊಸ ಸಂಕಟ ಎಂದುಕೊಂಡ. ನಿಜವಾದ ಕಾರಣ ಮರ್ಯಾದೆ. ಉಳಿದದ್ದೆಲ್ಲ ಮೇಲೆ ಹೊದಿಸಿದ ಬಟ್ಟೆ. ಅದು ಅವನಿಗೂ ಗೊತ್ತಿತ್ತು.

ಡಾಕ್ಟರಮ್ಮ ಹೇಳಿದ ಸಮಯಕ್ಕೇ ಬಂದರು. ಮೊದಲನೇದು ನಿದ್ದೆಗೆ, ಎರಡನೇದು ಕೊನೇದು ಎಂದು ವಿವರಿಸಿ, "ಇಬ್ರಿಗೂ ಒಪ್ಪಿಗೆ ತಾನೆ?" ಎಂದರು. ಹೆಂಡತಿ ತಲೆಯಾಡಿಸಿದಳು. ಅವನೂ ಆಡಿಸಿದ. ಮೊದಲ ಸೂಜಿ ಹೋಗಿ ಹತ್ತು ನಿಮಿಷಕ್ಕೆ ದೊರೆ ಕಾಲು ಚಾಚಿ, ಬಾಯಿ ಸ್ವಲ್ಪ ತೆರೆದು ಮಲಗಿತು. ಅದು ಹಾಗೆ ಮೈಚೆಲ್ಲಿ ಮಲಗಿ ಎಷ್ಟು ತಿಂಗಳಾಗಿತ್ತೋ. ಆ ನೆಮ್ಮದಿ ನೋಡಿ ಅವನ ಕೈ ಜೇಬಿಗೆ ಹೋಯಿತು. ಡಾಕ್ಟರಮ್ಮ ಎರಡನೇ ಸಿರಿಂಜು ತುಂಬಿಸುತ್ತಿದ್ದರು.

"ಮೇಡಂ, ಒಂದ್ನಿಮಿಷ" ಎಂದು ಜೇಬಿನಲ್ಲಿದ್ದದ್ದನ್ನೆಲ್ಲ ಬೆಡ್‌ಶೀಟಿನ ಮೇಲೆ ಸುರಿದ. "ಇವು ಸಂದೀಲಿ ಸಿಕ್ವು."

ಡಾಕ್ಟರಮ್ಮ ಒಂದು ಮಾತ್ರೆ ಎತ್ತಿ ತಿರುಗಿಸಿ ನೋಡಿದರು. "ಯಾವಾಗ ಸಿಕ್ಕಿದ್ದು?"

"ಬೆಳಿಗ್ಗೆ."

"ನಾನು ಬಂದು ಅರ್ಧ ಗಂಟೆ ಆಯ್ತು."

ಅವನು ಚೆಲ್ಲಿದ ಮಾತ್ರೆಗಳನ್ನು ಅಂಗೈಯಿಂದ ಒಟ್ಟುಗೂಡಿಸಿದ. "ಇವೆಲ್ಲ ಹೊಟ್ಟೆಗೆ ಹೋಗಿದ್ರೆ ಸರಿಹೋಗ್ತಿದ್ನಾ?"

"ಕಾಲು ವಾಪಸ್ ಬರ್ತಿರ್ಲಿಲ್ಲ. ನೋವು ಕಮ್ಮಿ ಇರ್ತಿತ್ತು." ಸಿರಿಂಜನ್ನು ಪಕ್ಕಕ್ಕಿಟ್ಟರು. "ಈಗ್ಲೂ ನಿಲ್ಲಿಸಬಹುದು. ಎರಡು ಗಂಟೇಲಿ ಎಚ್ಚರ ಆಗ್ತಾನೆ. ದಿನಾ ಇಂಜೆಕ್ಷನ್ ಕೊಟ್ಟು ನೋಡೋಣ. ಕೆಲವು ವಾರ ಸಿಗಬಹುದು, ಸಿಗದೇನೂ ಇರಬಹುದು. ಮಲಗಿ ಮಲಗಿ ಆಗಿರೋ ಹುಣ್ಣು ಮಾತ್ರ ಇನ್ನು ಮಾಯೋದಲ್ಲ. ನೀವು ಯೋಚಿಸಿ ಹೇಳಿ."

ಹೆಂಡತಿ ಕೂಗಾಡುತ್ತಾಳೆಂದು ಅವನು ಕಾದ. ಕೂಗಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಅವನಿಗೆ ನೋಯ್ತಿದೆ ರೀ ಅಂತ ಎಷ್ಟು ಸಲ ಹೇಳ್ದೆ" ಎಂದಳು, ಅಷ್ಟೇ.

"ಏನು ಮಾಡೋಣ, ನೀನೇ ಹೇಳು."

"ನಾನು ಹೇಳಲ್ಲ. ಈ ಸಲ ಎಲ್ಲ ಗೊತ್ತಿದ್ದು ನೀವೇ ಹೇಳಿ."

ಕೆಲವು ವಾರ. ಆ ಆಸೆ ಅವನ ಮೈಯೆಲ್ಲ ಹಬ್ಬಿತು. ಹೊತ್ತುಹೊತ್ತಿಗೆ ಔಷಧಿ ಕೊಟ್ಟು, ಹುಣ್ಣು ತೊಳೆದು, ಪಕ್ಕದಲ್ಲೇ ಮಲಗಿ, ಮಾಡಿದ ತಪ್ಪನ್ನು ಒಂದಿಷ್ಟಾದರೂ ತೀರಿಸಬಹುದಲ್ಲ. ಆದರೆ ಆ ವಾರಗಳು ಬೇಕಾಗಿದ್ದು ತನಗೆ, ದೊರೆಗಲ್ಲ. ಮತ್ತೆ ಎಬ್ಬಿಸುವುದೆಂದರೆ ಅದನ್ನು ಅದೇ ನೋವಿಗೆ ಎಬ್ಬಿಸುವುದು.

"ಕೊಡಿ ಮೇಡಂ" ಎಂದ.

ಅಂಗೈಯನ್ನು ದೊರೆಯ ಪಕ್ಕೆಯ ಮೇಲಿಟ್ಟುಕೊಂಡೇ ಕೂತಿದ್ದ. ಪಕ್ಕೆ ಏರಿತು, ಇಳಿಯಿತು, ಆಮೇಲೆ ಏರಲಿಲ್ಲ.

ಮಧ್ಯಾಹ್ನ ಮಗಳು ಬಂದವಳು ಬ್ಯಾಗನ್ನೂ ಇಳಿಸದೆ ಕೇಳಿದಳು: "ಅಪ್ಪಾ, ಅವನಿಗೆ ನೋವಾಯ್ತಾ?"

"ಇವತ್ತು ಆಗ್ಲಿಲ್ಲ, ಪುಟ್ಟಿ."

ಹುಡುಗಿ ಚುರುಕು. "ಮುಂಚೆ ಆಗ್ತಿತ್ತಾ?"

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವನ ನೆರವಿಗೆ ಬರಲಿಲ್ಲ.

"ಆಗ್ತಿತ್ತು" ಎಂದ. "ನಂಗೆ ಹೇಳ್ತಾನೇ ಇದ್ದ. ನಾನೇ ನಂಬ್ಲಿಲ್ಲ."