ರಾಟೆಯ ಸದ್ದು

“ಕೈ ಹಿಂದಕ್ಕಿಟ್ಕೊಂಡು ಮಾತಾಡೇ ಮುಂಡೆ. ನಾರ್ತಾ ಇದ್ದೀಯ.”

ಉಣ್ಣೆ ಯಜಮಾನರ ಸಂಘದ ಕೊತ್ವಾಲ ಮೂಗಿಗೆ ಬಟ್ಟೆ ಹಿಡಿದಿದ್ದ. ತೆಸ್ಸಾ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಅವಳು ನೂಲುವವಳು, ನಾವು ಉಣ್ಣೆ ಹಿಂಜುವವರು. ಉಣ್ಣೆಗೆ ಸವರುವ ಎಣ್ಣೆಯ ನಾತ ನಮ್ಮ ಕೈ ಬಿಟ್ಟು ಹೋಗುವುದಿಲ್ಲ. ನಮ್ಮ ಜೊತೆ ಹಿಂಜುತ್ತಿದ್ದ ಅವಳ ಗಂಡ ಬೆತ್ತೊ ಅವತ್ತು ಬೆಳಿಗ್ಗೆ ಕೆಮ್ಮಿ ಕೆಮ್ಮಿ ಸತ್ತಿದ್ದ.

“ಅವನ ಜೊತೆ ದುಡಿದೋರು ಎಲ್ರೂ ಬಂದು ಮಣ್ಣು ಮಾಡ್ಲಿ ದಣಿ. ಅಷ್ಟೇ ಕೇಳೋದು.”

“ನಾಲ್ಕು ಜನ ಹೊರಲಿ. ಹಿಂದೆ ಇನ್ನೊಬ್ಬ ನಡೆದರೂ ಅದು ಗುಂಪು. ಗುಂಪು ಕಟ್ಟಿದವರಿಗೆ ಏನಾಗುತ್ತೆ, ಗೊತ್ತಲ್ಲ?”

ಕೊತ್ವಾಲ ಸಂಘದ ಅಂಗಳದ ಕಡೆ ನೋಡಿದ. ಅಲ್ಲಿ ತೊಲೆಗೆ ಬಾವಿಯಲ್ಲಿರುವಂಥ ರಾಟೆ ತೂಗುಹಾಕಿದ್ದರು. ಸಿಕ್ಕಿಬಿದ್ದವರ ಕೈ ಹಿಂದಕ್ಕೆ ಕಟ್ಟಿ, ಅದರ ಹಗ್ಗದಲ್ಲಿ ಮೇಲಕ್ಕೆಳೆದು ಬಿಡುತ್ತಿದ್ದರು. ಗಾಳಿ ಬೀಸಿದರೆ ಅದು ಕಿರ್ರೆನ್ನುವುದು ನಾವು ಹಿಂಜುವಲ್ಲಿಗೂ ಕೇಳುತ್ತಿತ್ತು.

ಯಜಮಾನರಲ್ಲಿ ಯಾರಾದರೂ ಸತ್ತರೆ ಸಂಘವೇ ಹೆಣಕ್ಕೆ ರೇಷ್ಮೆ ಹೊದಿಸಿ, ಮೇಣದಬತ್ತಿ ಹಿಡಿದು ಊರೆಲ್ಲ ಮೆರೆಸುತ್ತಿತ್ತು. ಸಂಘದ ಕಾನೂನು ನಮಗೂ ಇತ್ತು. ಸಂಘ ಮಾತ್ರ ನಮ್ಮದಲ್ಲ.

ಸಂಜೆ ಹೆಣದ ಪಕ್ಕ ಕೂತಿದ್ದಾಗ ನಮ್ಮ ಜೊತೆ ಹಿಂಜುವ ಲಾಪೊ ಹೇಳಿದ: “ಬೆಳಗಿನ ಗಂಟೆ ಹೊಡೆದ್ರೆ ಎಲ್ರೂ ಬೀದಿಗೆ ಬರ್ಲೇಬೇಕಲ್ಲ? ಆಗ್ಲೇ ಹೆಣ ಎತ್ತಾಣ. ಕೆಲ್ಸಕ್ಕೆ ನಡೆಯೋದೂ ಗುಂಪಾಯ್ತದಾ?”

“ಕೊತ್ವಾಲ ಒಪ್ಕೋತಾನೇನ್ಲಾ?” ಎಂದೆ ನಾನು.

“ಇಲ್ಲ.”

“ಹಂಗಾದ್ರೆ ಸರಿ ಬುಡು, ನಾನೂ ಬತ್ತೀನಿ.”

ಮಾರನೆಯ ದಿನ ಗಂಟೆ ಹೊಡೆಯಿತು. ನಾಲ್ವರು ಬೆತ್ತೊನನ್ನು ಹಲಗೆಯ ಮೇಲೆ ಹೊತ್ತು ಮುಂದೆ ನಡೆದರು. ಒಂದೊಂದು ಬಾಗಿಲಿನಿಂದ ಒಬ್ಬೊಬ್ಬರು ಬಂದು ಹಿಂದೆ ಸೇರಿಕೊಂಡರು. ಯಾರೂ ಅಳಲಿಲ್ಲ, ಹಾಡಲಿಲ್ಲ. ಕೆಲಸಕ್ಕೆ ಹೋಗುವವರ ಹಾಗೆಯೇ ನಡೆದೆವು. ಕಾರ್ಖಾನೆಯ ಬಾಗಿಲು ಬಂತು. ಯಜಮಾನ ಹೊಸ್ತಿಲಲ್ಲಿ ನಿಂತಿದ್ದ.

“ಎಲ್ಲಿಗ್ರೋ ಬೋಳೀಮಕ್ಳಾ? ಬಾಗ್ಲು ಇಲ್ಲಿ!”

ಒಳಗೆ ಹೋಗದೆ ಬಾಗಿಲನ್ನು ಹಾದು ಇಗರ್ಜಿಯ ಕಡೆ ತಿರುಗಿದೆವು. ಹಿಂದೆ ಗಂಟೆ ಮತ್ತೆ ಹೊಡೆಯತೊಡಗಿತು, ಹೊತ್ತಲ್ಲದ ಹೊತ್ತಿನಲ್ಲಿ. ಯಾರೂ ತಿರುಗಿ ನೋಡಲಿಲ್ಲ.

ಮಣ್ಣು ಮಾಡಿ ಬರುವಾಗ ಸಂಘದ ಅಂಗಳದ ಮುಂದೆ ಬೀದಿಗೆ ಅಡ್ಡಲಾಗಿ ಕೊತ್ವಾಲನ ಭಟರು ನಿಂತಿದ್ದರು.

“ಮುಂದೆ ನಡೆದವನು ಯಾರು?” ಎಂದ ಕೊತ್ವಾಲ.

ತೆಸ್ಸಾ ಮುಂದೆ ಬಂದಳು. ಮಣ್ಣು ಮೆತ್ತಿದ ಕೈಗಳನ್ನು ಈ ಸಲ ಅವನ ಮೂಗಿನ ಹತ್ತಿರವೇ ಹಿಡಿದಳು.

“ಬೆತ್ತೊ. ಅವನು ಮುಂದೆ ಹೋದ, ನಾವು ಹಿಂದೆ ಹೋದ್ವಿ. ಹೋಗಿ ಹಿಡ್ಕೊಂಡ್ ಬಾ.”

ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಭಟರು ಅಂಗಳದ ಬಾಗಿಲು ತೆರೆದರು.

ಆರ್ನೋ ನದಿಯ ಕಡೆಯಿಂದ ಗಾಳಿ ಜೋರಾಗಿ ಬೀಸಿತು. ಹಗ್ಗ ಅಲ್ಲಾಡಿತು, ರಾಟೆ ಕಿರ್ರೆನ್ನಲಿಲ್ಲ. ನಮಗೆಂದೇ ಅದಕ್ಕೆ ಎಣ್ಣೆ ಬಿಟ್ಟಿದ್ದರು. ನಮ್ಮ ಕೈಯಲ್ಲಿದ್ದ ನಾತವೇ ಅಲ್ಲಿಂದಲೂ ಬಂತು.