ಮೊದಲ ಪುಟದ ಶ್ರೀ

ಸ್ವರ್ಣಲತಾ ಇನ್ನೂ ಒಂದಕ್ಷರ ಹೇಳಿರಲಿಲ್ಲ. ಪಕ್ಕದಲ್ಲಿ ಪೆನ್ನು ಆಗಲೇ ಹರಿದಾಡಿದ ಸದ್ದು ಕೇಳಿಸಿತು.

"ಏನಮ್ಮಿ ಬರ್ದೆ?"

"ಏನಿಲ್ಲ ಕಣಕ್ಕ. ಮೇಲ್ಗಡೆ ಶ್ರೀ ಹಾಕ್ದೆ."

ಸ್ವರ್ಣಲತಾ ತಟ್ಟನೆ ಕೈ ಚಾಚಿ ಪೆನ್ನು ತಡೆದಳು.

ಹುಟ್ಟಿನಿಂದ ಕಣ್ಣು ಕಾಣದ ಅವಳಿಗೆ ಚಾಮರಾಜನಗರದ ಕಾಲೇಜಿನಲ್ಲಿ ಇದು ಬಿ.ಎ. ಕೊನೆಯ ವರ್ಷ. ಪರೀಕ್ಷೆಯಲ್ಲಿ ಅವಳು ಹೇಳಬೇಕು, ಕೆಳಗಿನ ತರಗತಿಯವರೊಬ್ಬರು ಬರೆಯಬೇಕು. ಎಂದೂ ಬರೆಯುವ ಹುಡುಗಿಗೆ ಜ್ವರ ಬಂದು, ಗುಂಡ್ಲುಪೇಟೆಯಲ್ಲಿ ಅವಳ ಪಕ್ಕದ ಮನೆಯ ಭಾನು ಬೆಳಗಿನ ಬಸ್ಸಿಗೆ ಜೊತೆಯಲ್ಲಿ ಬಂದಿದ್ದಳು. ಪಿಯುಸಿ ಓದುತ್ತಿದ್ದ ಅವಳ ಮನೆಯಲ್ಲಿ ದಿನಸಿ ಚೀಟಿಗೂ ಶ್ರೀ ಬರೆಯದೆ ಪೆನ್ನು ಊರುತ್ತಿರಲಿಲ್ಲ. "ಶ್ರೀ ಇಲ್ದೆ ಗೀಚ್ಬ್ಯಾಡ ಕಣಮ್ಮಿ, ಕೆಲ್ಸ ಕೆಡ್ತದೆ" ಎಂದು ಅವಳಜ್ಜಿ ಮೂಗಮ್ಮ ಹೇಳಿಯೇ ಕಳಿಸಿದ್ದಳು.

ಉತ್ತರಪತ್ರಿಕೆಯಲ್ಲಿ ದೇವರ ಹೆಸರು, ಗುರುತು ಏನಿದ್ದರೂ ನಕಲಿನ ಲೆಕ್ಕ, ಪೇಪರು ರದ್ದು. ಪೇಪರು ಹೋದರೆ ಓದೂ ಹೋದಂತೆ. "ಇದೊಂದ್ ಸಲ ನೋಡ್ತೀನಿ. ಫೇಲಾದ್ರೆ ಈ ಬಸ್ಸು ಗಿಸ್ಸು ಸಾಕು, ಮನೇಲಿರು" ಎಂದಿದ್ದ ಅಪ್ಪ ನಿಂಗಯ್ಯ ಆಡಿದ ಮಾತು ತಪ್ಪುವವನಲ್ಲ.

"ಹಾಳೆ ಹರ್ದಾಕ್ಬುಡ್ಲಾ?"

"ಮುಟ್ಬ್ಯಾಡ. ಹಾಳೆ ಎಣಿಸ್ತಾರೆ."

"ಹೊಡ್ದಾಕ್ಲಾ?"

"ಅದೂ ಗುರುತೇ. ಎಷ್ಟು ದೊಡ್ಡದಾಗಿ ಅದೆ?"

"ಜೋಳದ ಕಾಳಷ್ಟೇ ಕಣಕ್ಕ. ಅಡೀಲಿ ಎರಡು ಗೆರೆ ಎಳ್ದಿವ್ನಿ."

ಆದರೆ ಸ್ವರ್ಣಲತಾಳ ಕಲ್ಪನೆಯಲ್ಲಿ ಆ ಶ್ರೀ ಕೋಣೆಯ ಗೋಡೆಗೋಡೆಯನ್ನೂ ತುಂಬಿಕೊಳ್ಳುತ್ತಿತ್ತು. ಅತ್ತಿಂದಿತ್ತ ಪರೀಕ್ಷೆ ಕಾಯುತ್ತಿದ್ದ ಮೇಡಂ ಶಿವರಂಜಿನಿಯವರ ಚಪ್ಪಲಿಯ ಸದ್ದು. ರಕ್ಕಸನ ಅಟ್ಟದಲ್ಲಿ ಅಡಗಿ ಕೂತ ಕತೆಯ ಹುಡುಗಿಯಂತೆ ಅವಳು ಉಸಿರು ಹಿಡಿದಳು. ಅವರು ಇತ್ತ ನೋಡುತ್ತಿದ್ದಾರೋ ಇಲ್ಲವೋ, ಅದೂ ತಿಳಿಯದು. ಸುಮ್ಮನಿದ್ದರೆ ಇವತ್ತು ಉಳಿಯಬಹುದು. ಆಮೇಲೆ ಯಾವುದೋ ಊರಿನಲ್ಲಿ ಯಾರೋ ಪುಟ ತೆರೆದಾಗ, ಹೇಳಿಕೊಳ್ಳಲು ತಾನಲ್ಲಿ ಇರುವುದಿಲ್ಲ.

ಕೈ ಎತ್ತಿದಳು. ನಡೆದದ್ದನ್ನು ಹೇಳಿದಳು.

"ಬರೆಯೋಕೆ ಮುಂಚೆ ಇವಳಿಗೆ ಹೇಳ್ಬಾರ್ದಾ?" ಎಂದರು ಮೇಡಂ.

"ನಂದೇ ತಪ್ಪು ಮೇಡಂ. ಹೇಳೋಕೆ ಮರ್ತೆ."

ಮೇಡಂ ಪತ್ರಿಕೆ ಎತ್ತಿಕೊಂಡು ಹೊರಟುಹೋದರು. ಬಾಗಿಲು ಕಿರುಗುಟ್ಟಿತು. ಭಾನು ಸದ್ದಿಲ್ಲದೆ ಅಳುತ್ತಿದ್ದಳು. ಮೂಗೆಳೆಯುವುದು ಮಾತ್ರ ಕೇಳಿಸುತ್ತಿತ್ತು. ಎಷ್ಟು ಹೊತ್ತು ಹೋಯಿತೋ.

ಮೇಡಂ ಮರಳಿ ಬಂದಾಗ ಎರಡು ಜೋಡಿ ಹೆಜ್ಜೆ.

"ಬರೆದವಳು ನೀನೇನಮ್ಮ?" ಗಂಡಸಿನ ದನಿ, ಪರೀಕ್ಷೆಯ ಮುಖ್ಯಸ್ಥರಿರಬೇಕು. ಭಾನು "ಊಂ ಸಾರ್" ಎಂದಳು. ಕಾಗದದ ಮೇಲೆ ಪೆನ್ನು ಒಮ್ಮೆ ಗೆರೆ ಎಳೆದು ಶ್ರೀ ಹೊಡೆದುಹಾಕಿತು, ಎರಡು ಸಲ ಸಹಿ ಹಾಕಿತು. "ನೀವಾಗೇ ಹೇಳಿದ್ದಕ್ಕೆ ಇಷ್ಟಕ್ಕೇ ಬಿಟ್ಟೆ. ಯೂನಿವರ್ಸಿಟಿಗೆ ವರದಿ ಕಳಿಸ್ತೀನಿ. ಅವರೇನಂತಾರೋ ನಾ ಹೇಳಲಾರೆ. ಈಗ ಬರೀರಿ."

ಪತ್ರಿಕೆ ಮತ್ತೆ ಮುಂದಿತ್ತು. ಬಾಯಿಪಾಠವಾಗಿದ್ದ ಮೊದಲ ಉತ್ತರ ಮಾತ್ರ ತಲೆಯಲ್ಲಿರಲಿಲ್ಲ.

"ಒಂದನೇದು ಹೇಳಕ್ಕ."

"ಈಗ ಬರಲ್ಲ. ಮೂರನೇದು ಹಾಕು. ಕೆರೆಗಳದ್ದು."

ಬೆಂಚು ನಡುಗುತ್ತಿತ್ತು. ಯಾರ ಕಾಲಿನಿಂದ ಎಂಬುದು ಇಬ್ಬರಿಗೂ ತಿಳಿಯಲಿಲ್ಲ.